ಮಂಗಮ್ಮಕ್ಕ ಹಿಂದಿಡದ ಹೆಜ್ಜೆ

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕುಡುಗೋಲು, ಗುದ್ದಲಿ, ಭಾವನ ಸ್ಕೂಟರು, ನನ್ನ ಹೊಲಿಗೆ ಮಿಷನ್ನು ಎಲ್ಲಕ್ಕೂ ಕುಂಕುಮ ಇಟ್ಟು ಹೂವು ಏರಿಸುತ್ತೇವೆ. ಕೆಲವು ವರ್ಷ ಅವುಗಳ ಪಕ್ಕದಲ್ಲಿ ಒಂದು ಕಪ್ಪು ಬೆಲ್ಟೂ ಇರುತ್ತಿತ್ತು. ಯಾರ ಸೊಂಟಕ್ಕೂ ಒಂದು ಸಲವೂ ಕಟ್ಟದ ಬೆಲ್ಟು. ಬಂದ ದಿನದ ಮಡಿಕೆ ಕೂಡ ಬಿಚ್ಚಿರಲಿಲ್ಲ. ಅದು ನನ್ನ ಓರಗಿತ್ತಿ ಮಂಗಮ್ಮಕ್ಕನದು. ಹೌದು, ಕರಾಟೆ ಬ್ಲ್ಯಾಕ್ ಬೆಲ್ಟೇ. ಹೊಸಕೆರೆಹಳ್ಳಿಯಲ್ಲಿ ರಾಗಿ ಹೊಲದ ಕಳೆ ಕಿತ್ತ ಹೆಂಗಸಿಗೆ ಬ್ಲ್ಯಾಕ್ ಬೆಲ್ಟಾ ಎಂದು ನಗುವವರು ನಗಲಿ. ನಾನೂ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕವಳೇ.

ನಾವಿಬ್ಬರೂ ಒಂದೇ ಮನೆಯ ಸೊಸೆಯರು. ಅಕ್ಕ ಹಿರಿಯ ಮಗ ಬೈರಣ್ಣ ಭಾವನ ಹೆಂಡತಿ, ನಾನು ಚೂಡಾಮಣಿ ಕಿರಿಯ ಮಗನ ಹೆಂಡತಿ. ನಾನು ಈ ಮನೆಗೆ ಕಾಲಿಟ್ಟಾಗ ಕೆರೆಯ ಕೆಳಗೆ ನಮ್ಮದು ಇನ್ನೂ ಹೊಲ ಇತ್ತು. ಆಮೇಲೆ ಲೇಔಟು ಬಂತು, ಹೊಲ ಹೋಯಿತು, ಉಳಿದ ಜಾಗದಲ್ಲಿ ಭಾವ ಸಾಲಾಗಿ ಮನೆಗಳನ್ನು ಕಟ್ಟಿಸಿ ಇಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಬಾಡಿಗೆಗೆ ಬಿಟ್ಟರು. ಊರಿಗೆ ಊರೇ ಓನರುಗಳಾಯಿತು. ಅಕ್ಕನ ಕೈಗೆ ಮಾತ್ರ ಕೆಲಸವಿಲ್ಲದಂತಾಯಿತು. ಬಾಡಿಗೆ ಮನೆ ಕಳೆ ಕೀಳು ಎನ್ನುವುದಿಲ್ಲವಲ್ಲ. ಬೆಳಗ್ಗೆ ಅಂಗಳ ಗುಡಿಸಿದ್ದನ್ನೇ ಮಧ್ಯಾಹ್ನವೂ ಗುಡಿಸುತ್ತಿದ್ದಳು.

ತೊಂಬತ್ಮೂರರ ಸುಮಾರಿಗೆ ಭಾವ ಮಗಳು ದಿವ್ಯಳನ್ನು ಕತ್ರಿಗುಪ್ಪೆಯ ಒಂದು ಸ್ಕೂಲಿನ ಅಂಗಳದಲ್ಲಿ ನಡೆಯುತ್ತಿದ್ದ ಕರಾಟೆ ಕ್ಲಾಸಿಗೆ ಸೇರಿಸಿದರು. ಹುಡುಗಿಗೆ ಆಗ ಒಂಬತ್ತು. 'ಕಾಲ ಕೆಟ್ಟೈತೆ, ಒಬ್ಬಳೇ ಓಡಾಡೋ ಮಗ' ಎಂಬುದು ಭಾವನ ಲೆಕ್ಕ. ಬೆಳ್ಳಂಬೆಳಗ್ಗೆ ಅವಳನ್ನು ನಡೆಸಿಕೊಂಡು ಹೋಗಿ, ಕ್ಲಾಸು ಮುಗಿಯುವತನಕ ಹೊಂಗೆ ಮರದಡಿ ಕೂತಿದ್ದು ಕರೆದುಕೊಂಡು ಬರುವುದು ಅಕ್ಕನ ಪಾಲಿಗೆ ಬಂತು.

ಒಂದು ದಿನ ದಿವ್ಯಳ ಜೊತೆಯ ಹುಡುಗಿ ಬಂದಿರಲಿಲ್ಲ. ಕಲಿಸುತ್ತಿದ್ದ ನಂದಕುಮಾರ್ ಮಾಸ್ಟರ್ ಮರದಡಿ ಕೂತವಳನ್ನು ನೋಡಿ, "ಅಮ್ಮಾ, ಸ್ವಲ್ಪ ಬಂದು ಮಗಳ ಎದುರು ನಿಂತ್ಕೋತೀರಾ? ಅವಳು ಪಂಚ್ ಮಾಡ್ದಾಗ ಕೈ ಅಡ್ಡ ಹಿಡಿದು ತಳ್ಳಿದ್ರೆ ಸಾಕು" ಎಂದರಂತೆ. ಅಕ್ಕ ಸೆರಗು ಸಿಕ್ಕಿಸಿಕೊಂಡು ನಿಂತಳು. ಒನಕೆ ಹಿಡಿದ ಕೈ, ಬಾವಿಯಿಂದ ನೀರು ಸೇದಿದ ಕೈ. ಅವಳು ತಳ್ಳಿದ ರಭಸಕ್ಕೆ ಮಗಳು ಗಿರಕಿ ಹೊಡೆದು ಮಣ್ಣಲ್ಲಿ ಕೂತುಬಿಟ್ಟಳು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಮಾಸ್ಟರ್ ನಗಲಿಲ್ಲ. "ನಾಳೆಯಿಂದ ನೀವೂ ಬನ್ನಿ" ಎಂದರು.

ಮನೆಯಲ್ಲಿ ಅವತ್ತು ದೊಡ್ಡ ರಾಮಾಯಣ. "ಈ ವಯಸ್ನಾಗೆ ಒದೆಯೋದು ಕಲೀತಾಳಂತೆ! ಯಾರನ್ನ, ಗಂಡನ್ನಾ?" ಎಂದು ಅತ್ತೆ ರೇಗಿದರು.

"ಬಿಡವ್ವ, ಅವಳು ಅಟ್ಟಿಸ್ಕೊಂಡು ಬಂದ್ರೆ ಓಡಿ ಓಡಿ ನಂಗೂ ಒಸಿ ವ್ಯಾಯಾಮ ಆಯ್ತದೆ" ಎಂದರು ಭಾವ. ಅವರ ಬಾಯಿಂದ ಬಂದ ಒಪ್ಪಿಗೆ ಅಷ್ಟೇ. ಅಷ್ಟೇ ಸಾಕಾಯಿತು.

ಕರಾಟೆ ಬಟ್ಟೆ ತೊಟ್ಟುಕೊಂಡು ಊರ ಬೀದಿಯಲ್ಲಿ ನಡೆಯಲು ಅವಳಿಗೆ ನಾಚಿಕೆ. ಆ ಬಿಳಿ ಪ್ಯಾಂಟು ಅಂಗಿಯ ಮೇಲೆ ಹಳೆಯ ನೂಲಿನ ಸೀರೆ ಸುತ್ತಿಕೊಂಡು ಹೊರಡುತ್ತಿದ್ದಳು. ಸ್ಕೂಲಿನ ಗೋಡೆಯ ಮರೆಯಲ್ಲಿ ಸೀರೆ ಬಿಚ್ಚಿ ಮಡಚಿಟ್ಟು, ವಾಪಸು ಬರುವಾಗ ಮತ್ತೆ ಸುತ್ತಿಕೊಳ್ಳುತ್ತಿದ್ದಳು. "ಏನಕ್ಕ, ಗೋಣಿಚೀಲದ ಹಾಗೆ ಕಾಣ್ತೀಯ" ಎಂದು ನಾನು ಕಾಡುತ್ತಿದ್ದೆ. "ಹ್ಞೂ ಕಣೇ ಚೂಡಿ, ನಿಂಗೆ ಒಂದು ಬಿಟ್ರೆ ಗೊತ್ತಾಯ್ತದೆ" ಎನ್ನುತ್ತಿದ್ದಳು. ಆದರೆ ಆ ದಿನಗಳಲ್ಲಿ ಅಂಗಳವನ್ನು ಎರಡೆರಡು ಸಲ ಗುಡಿಸುವುದು ನಿಂತಿತ್ತು. ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತ ಪದ ಹೇಳುತ್ತಿದ್ದಳು. ಅಕ್ಕನಿಗೆ ಪದ ಬರುತ್ತದೆಂದು ಅಲ್ಲಿಯತನಕ ನನಗೇ ಗೊತ್ತಿರಲಿಲ್ಲ.

ಮೊದಲು ಬಿಳಿ ಬೆಲ್ಟು. ಆಮೇಲೆ ಹಳದಿ, ಕಿತ್ತಳೆ, ಹಸಿರು, ನೀಲಿ, ಕಂದು. ಒಂದೊಂದು ಬಣ್ಣಕ್ಕೂ ಒಂದು ಪರೀಕ್ಷೆ, ಅದನ್ನು ಗ್ರೇಡಿಂಗ್ ಅನ್ನುತ್ತಾರೆ. ಪ್ರತಿ ಗ್ರೇಡಿಂಗಿನ ಹಿಂದಿನ ಮಂಗಳವಾರ ರಾಹುಕಾಲದಲ್ಲಿ ಅಕ್ಕ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದಳು. ಜೊತೆಗೆ ನಾನಿರಲೇಬೇಕು. ಹೊಸ ಬೆಲ್ಟು ಸಿಕ್ಕ ದಿನ ತಾಯಿ ಮಗಳ ಸೊಂಟಕ್ಕೆ, ಮಗಳು ತಾಯಿಯ ಸೊಂಟಕ್ಕೆ ಕಟ್ಟುವುದು ಅವರಿಬ್ಬರ ಪದ್ಧತಿ. ದಿವ್ಯಳ ಗಂಟು ಅಚ್ಚುಕಟ್ಟು. ಅಕ್ಕನದು ಹಸುವನ್ನು ಗೂಟಕ್ಕೆ ಕಟ್ಟುವ ಗಂಟು, ಬಿಚ್ಚುವುದಕ್ಕೆ ನಾವೆಲ್ಲ ಸೇರಬೇಕು.

ಅಕ್ಕನಲ್ಲಿ ಒಂದು ಹಟವಿತ್ತು. ಮಗಳಿಗಿಂತ ಮುಂದಿನ ಬಣ್ಣ ಅವಳು ತೆಗೆದುಕೊಳ್ಳುವವಳಲ್ಲ. ಒಮ್ಮೆ ದಿವ್ಯಳಿಗೆ ಮೈತುಂಬ ಅಮ್ಮನ ಗುಳ್ಳೆ ಎದ್ದು ಗ್ರೇಡಿಂಗ್ ತಪ್ಪಿತು. ಅಕ್ಕನೂ ಹೋಗಲಿಲ್ಲ. ಮಾಸ್ಟರ್ ಮನೆತನಕ ಬಂದು ಬೈದರು. "ಮಂಗಮ್ಮನೋರೇ, ಇದು ಅಮ್ಮ ಮಗಳ ಲೆಕ್ಕ ಅಲ್ಲ. ಅಂಗಳಕ್ಕೆ ಇಳಿದ್ಮೇಲೆ ಅವಳು ಬೇರೆ, ನೀವು ಬೇರೆ."

"ಅದೆಂಗಾಯ್ತದೆ ಸಾರ್" ಎಂದಳು ಅಕ್ಕ. ನಾವೆಲ್ಲ ನಕ್ಕೆವು. ಮಾಸ್ಟರಿಗೂ ಕೊನೆಗೆ ನಗು ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನೂ ಸೇರಿಸಿದೆ. ಆಗ ಅದೆಲ್ಲ ತಮಾಷೆಯಾಗಿತ್ತು.

ಬೆಳಗಿನ ಕ್ಲಾಸು ಸಾಲದೆ ಸಂಜೆ ತಾರಸಿಯ ಮೇಲೂ ಇಬ್ಬರ ಅಭ್ಯಾಸ. ದಿವ್ಯ ಮುಷ್ಟಿ ಕಟ್ಟಿ ಮುಖದತ್ತ ಬೀಸುವುದು, ಅಕ್ಕ ಕೈ ಅಡ್ಡ ಹಿಡಿದು ಒಂದು ಹೆಜ್ಜೆ ಹಿಂದಕ್ಕೆ ಸರಿಯುವುದು. ಮುಂದಕ್ಕೆ ಬರುವ ಹಾಗಿಲ್ಲ, ಪಕ್ಕಕ್ಕೂ ಹೋಗುವ ಹಾಗಿಲ್ಲ. ಯಾಕೆಂದರೆ ಅಲ್ಲಿ ಅತ್ತೆ ಸಂಡಿಗೆ ಒಣಗಿಸಿರುತ್ತಿದ್ದರು, ತುಳಿದರೆ ಗ್ರಹಚಾರ ಬಿಡಿಸುತ್ತಿದ್ದರು. ಹಾಗಾಗಿ ವರ್ಷಗಟ್ಟಲೆ ಅದೇ ಹೆಜ್ಜೆ, ಹಿಂದಕ್ಕೆ, ನೀರಿನ ಟ್ಯಾಂಕಿನ ಕಡೆಗೆ. ದಿವ್ಯಳ ಮುಷ್ಟಿ ಅಕ್ಕನ ತುಟಿಯ ಮುಂದೆ ಒಂದು ಬೆರಳಷ್ಟು ದೂರದಲ್ಲಿ ಬಂದು ನಿಲ್ಲುತ್ತಿತ್ತು. ಬಟ್ಟೆ ಒಣಹಾಕಲು ಹೋದ ನಾನು ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

"ಹೊಡೆದೇಬಿಟ್ಟಳು ಅಂದ್ಕೊಂಡೆ ಕಣೇ" ಎಂದರೆ ದಿವ್ಯ ಕಿಲಕಿಲ ನಗುತ್ತಿದ್ದಳು. "ಹೊಡೆಯೋದು ಎಲ್ಲರಿಗೂ ಬರುತ್ತೆ ಚಿಕ್ಕಮ್ಮ. ನಿಲ್ಸೋದೇ ಕಷ್ಟ. ತಾಕ್ಬಿಟ್ರೆ ಫೇಲು. ನಮ್ಮ ಕೈ ನಮ್ಮ ಮಾತು ಕೇಳಲ್ಲ ಅಂತ ಅರ್ಥ. ಮಾಸ್ಟರ್ ಹೇಳ್ತಾರೆ."

ಎರಡು ಸಾವಿರದ ಎರಡರಲ್ಲಿ ದಿವ್ಯಳಿಗೆ ಹದಿನೆಂಟು ತುಂಬಿತು. ತಲಘಟ್ಟಪುರದಿಂದ ಒಂದು ಸಂಬಂಧ ಬಂತು. ಹುಡುಗನದು ಸಿಮೆಂಟು ಕಬ್ಬಿಣದ ಅಂಗಡಿ, ನಮ್ಮ ಕಡೆಯವರೇ. ಅತ್ತೆ ತುದಿಗಾಲಲ್ಲಿ ನಿಂತರು. ಅದೇ ಹೊತ್ತಿಗೆ ಜೆ.ಪಿ. ನಗರದ ಒಂದು ಸ್ಕೂಲಿನವರು, ಹೆಣ್ಣುಮಕ್ಕಳಿಗೆ ಕರಾಟೆ ಹೇಳಿಕೊಡಲು ಬ್ಲ್ಯಾಕ್ ಬೆಲ್ಟ್ ಆದ ಹುಡುಗಿಯೇ ಬೇಕು ಎಂದು ನಂದಕುಮಾರ್ ಮಾಸ್ಟರನ್ನು ಕೇಳಿದ್ದರು. ದಿವ್ಯ ಅದೊಂದನ್ನೇ ಜಪ ಮಾಡುತ್ತಿದ್ದಳು. ಊಟದ ಹೊತ್ತಿನಲ್ಲಿ ಅಪ್ಪನ ಮುಂದೆ ನಿಂತು ನೇರವಾಗಿ ಕೇಳಿಯೂಬಿಟ್ಟಳು. ಭಾವ ಕೈ ತೊಳೆದು ಬಂದು ಎಲ್ಲರ ಎದುರು ಮಾತು ಕೊಟ್ಟರು: "ಬ್ಲ್ಯಾಕ್ ಬೆಲ್ಟು ಬರ್ಲಿ, ನೀನು ಹೇಳ್ದಂಗೆ. ಸ್ಕೂಲಿಗೆ ಹೋಗು, ಮದುವೆ ಮಾತು ನಾನು ಎತ್ತಕ್ಕಿಲ್ಲ. ಬರ್ಲಿಲ್ವಾ, ತಲಘಟ್ಟಪುರದ ಗಂಡು. ಆಮ್ಯಾಕೆ ಮೂತಿ ಊದಿಸ್ಕೊಂಡು ಕೂರಂಗಿಲ್ಲ."

"ಆಯ್ತಪ್ಪ" ಎಂದಳು ದಿವ್ಯ. ಒಂದಿಷ್ಟೂ ಅಳುಕಿರಲಿಲ್ಲ ಅವಳಲ್ಲಿ. ಅಳುಕಿದ್ದು ಅಕ್ಕ.

ಆ ಸಲದ ಮಂಗಳವಾರ ಬನಶಂಕರಿ ಗುಡಿಯಲ್ಲಿ ಸಾಲಿನಲ್ಲಿ ಕೂತು ದೀಪ ಹಚ್ಚಿದಳು. "ನಂಗೆ ಬ್ಯಾಡವ್ವ, ಅವಳಿಗೆ ಕೊಡು" ಎಂದು ಬಾಯಿಬಿಟ್ಟೇ ಹೇಳಿಕೊಂಡಳು. ತಾಯಿಯಾದವಳು ಇನ್ನೇನು ಕೇಳಿಯಾಳು ಎಂದುಕೊಂಡೆ ನಾನು.

ಗ್ರೇಡಿಂಗ್ ಜಯನಗರದ ಒಂದು ಕಲ್ಯಾಣಮಂಟಪದಲ್ಲಿ. ಜಪಾನಿನಿಂದ ಒಬ್ಬರು ವಯಸ್ಸಾದ ಮಾಸ್ಟರ್ ಬಂದಿದ್ದರು. ಸಣ್ಣ ಆಳು, ಬೆಳ್ಳಿ ಕೂದಲು, ಮಾತೇ ಇಲ್ಲ. ನಾವು ಮನೆಮಂದಿಯೆಲ್ಲ ಚಿತ್ರಾನ್ನ, ಕೋಡುಬಳೆ ಕಟ್ಟಿಸಿಕೊಂಡು ಹೋಗಿದ್ದೆವು. ಊರಿನ ನಾಲ್ಕಾರು ಹೆಂಗಸರೂ ಟೆಂಪೋ ಹತ್ತಿ ಬಂದಿದ್ದರು. ಒಬ್ಬೊಬ್ಬರೇ ನಿಂತು ಮಾಡುವ ವರಸೆಗಳು ಮೊದಲಾದವು. ಅಕ್ಕನೂ ದಿವ್ಯಳೂ ಒಂದು ಕಡೆಯೂ ತಪ್ಪಲಿಲ್ಲ. ನೋಡುತ್ತ ನೋಡುತ್ತ ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಆಮೇಲೆ ಇಬ್ಬಿಬ್ಬರ ಫೈಟು. ಆ ಸಲ ಬ್ಲ್ಯಾಕ್ ಬೆಲ್ಟಿಗೆ ಕೂತಿದ್ದ ಹೆಂಗಸರು ಇವರಿಬ್ಬರೇ. ತಾಯಿಯನ್ನೂ ಮಗಳನ್ನೂ ಎದುರುಬದುರು ನಿಲ್ಲಿಸಿದರು.

ಇಬ್ಬರೂ ಬಗ್ಗಿ ವಂದಿಸಿದರು. ಶುರು ಎಂದು ಕೂಗಿದರು. ಸ್ವಲ್ಪ ಹೊತ್ತು ಕಾಲು, ಕೈ, ಸುತ್ತುವುದು, ತಪ್ಪಿಸಿಕೊಳ್ಳುವುದು, ಎಲ್ಲ ತಾರಸಿಯ ಮೇಲೆ ಕಂಡ ಹಾಗೆಯೇ ಇತ್ತು. ಆಮೇಲೆ ದಿವ್ಯ ಮುಷ್ಟಿ ಬೀಸಿದಳು. ಅಕ್ಕ ಹಿಂದಕ್ಕೆ ಸರಿಯಲಿಲ್ಲ. ಕೈ ಅಡ್ಡ ತರಲೂ ಇಲ್ಲ. ನೆಟ್ಟ ಕಂಬದ ಹಾಗೆ ನಿಂತಲ್ಲೇ ನಿಂತಳು. ಸದ್ದು ನಾನು ಕೂತಿದ್ದ ಜಾಗಕ್ಕೂ ಕೇಳಿಸಿತು.

ತುಟಿ ಹರಿದು ಬಿಳಿ ಅಂಗಿಯ ಮೇಲೆಲ್ಲ ರಕ್ತ. ಅತ್ತೆ ಎದ್ದು ಬಾಯಿ ಬಡಿದುಕೊಂಡರು. "ಅಯ್ಯಯ್ಯೋ, ಹೆತ್ತವಳ ಮ್ಯಾಲೆ ಕೈ ಮಾಡ್ಬಿಟ್ಟಳಲ್ಲಪ್ಪೋ!" ದಿವ್ಯ ತನ್ನ ಕೈಯನ್ನೇ ನೋಡುತ್ತ ನಿಂತಿದ್ದಳು. "ಅಮ್ಮ ಹಿಂದಕ್ಕೆ ಹೋಗ್ಲಿಲ್ಲ... ಅಮ್ಮ ಯಾವಾಗ್ಲೂ ಹೋಗ್ತಾರೆ" ಎಂದು ಏನೋ ತೊದಲಿದಳು. ಆ ಗಲಾಟೆಯಲ್ಲಿ ಅವಳ ಮಾತನ್ನು ಕೇಳಿದವರು ಯಾರು? ಅಕ್ಕ ಮಾತ್ರ ಬೀಳಲಿಲ್ಲ, ಅಳಲಿಲ್ಲ. ರಕ್ತ ಒರೆಸಿಕೊಂಡು ನೆಟ್ಟಗೆ ನಿಂತು ಉಳಿದ ಫೈಟು ಮುಗಿಸಿ, ಬಗ್ಗಿ ವಂದಿಸಿದಳು.

ನಾನು ಅವಳನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ. ಬಾಯಿ ಮುಕ್ಕಳಿಸುತ್ತ ಅಲ್ಲಿ ಹೇಳಿದಳು. "ಬೇಕಂತ್ಲೇ ನಿಂತ್ಕೊಂಡೆ ಕಣೇ ಚೂಡಿ. ನಾನು ತಡೀದಿದ್ರೆ ಪಾಯಿಂಟು ಅವಳಿಗೆ ಬತ್ತದೆ, ಅವಳು ಪಾಸಾಯ್ತಾಳೆ ಅಂತ. ಮುಂದೆ ಬಂದು ನಿಲ್ತದೆ ಅಂದ್ಕೊಂಡೆ. ದಿನಾ ನಿಲ್ತಿತ್ತಲ್ಲ."

"ದಿನಾ ನೀನು ಹಿಂದಕ್ಕೆ ಹೋಗ್ತಿದ್ದೆ ಅಕ್ಕ! ಅವಳ ಕೈಗೆ ಗೊತ್ತಿದ್ದಿದ್ದು ಆ ಅಳತೆ!" ಎಂದು ಕಿರುಚಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಗ ಹೊಳೆಯಿತು ಅವಳಿಗೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ. ನಲ್ಲಿಯನ್ನೂ ನಿಲ್ಲಿಸದೆ ಒಳಗೆ ಓಡಿದಳು.

ಆ ಜಪಾನಿನ ಮಾಸ್ಟರ ಮೇಜಿನ ಮುಂದೆ ಕೈಮುಗಿದು ನಿಂತಳು. "ತಪ್ಪು ನಂದು ಸ್ವಾಮಿ. ನಾನು ಬೇಕಂತ್ಲೇ ನಿಂತೆ. ಮಗಳದ್ದು ಏನೂ ಇಲ್ಲ." ನಂದಕುಮಾರ್ ಮಾಸ್ಟರ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಮುದುಕರು ಎರಡು ಮಾತಾಡಿದರು. ಮಾಸ್ಟರ್ ತಲೆ ತಗ್ಗಿಸಿಕೊಂಡು ಕನ್ನಡದಲ್ಲಿ ಹೇಳಿದರು: "ಎದುರಿನವರು ಕದಲಲಿ, ಕದಲದೇ ಇರ್ಲಿ, ಕೈ ನಿಲ್ಲಬೇಕು. ಪರೀಕ್ಷೆ ಅದೇ ಅಂತಾರೆ. ಗೆಲ್ಲೋದು ಸೋಲೋದು ಇವತ್ತು ಯಾರೂ ನೋಡ್ತಿರ್ಲಿಲ್ಲ ಮಂಗಮ್ಮನೋರೇ. ಇಬ್ಬರೂ ಪಾಸಾಗ್ತಿದ್ರಿ."

ಇಬ್ಬರೂ ಪಾಸಾಗುತ್ತಿದ್ದರಂತೆ. ಸಂಜೆ ಹೆಸರು ಓದಿದಾಗ ಮಂಗಮ್ಮ ಎಂದರು, ದಿವ್ಯ ಎನ್ನಲಿಲ್ಲ. ಏಟು ತಿಂದ ಮೇಲೂ ಎದೆಗುಂದದೆ ಮುಗಿಸಿದಳೆಂದು ಮುದುಕರು ಮೆಚ್ಚಿಕೊಂಡರಂತೆ. ಅವಳು ಬೇಡ ಬೇಡ ಎನ್ನುತ್ತಿದ್ದ ಹಾಗೆಯೇ ಆ ಕಪ್ಪು ಬೆಲ್ಟನ್ನು ಎರಡೂ ಕೈಯಿಂದ ಅವಳ ಕೈಗಿಟ್ಟರು. ಕಟ್ಟಲು ಮಗಳು ಬರುತ್ತಾಳೆಂದು ಅಕ್ಕ ತಿರುಗಿ ನೋಡಿದಳು. ದಿವ್ಯ ಆಗಲೇ ಹೊರಗೆ ಹೋಗಿ ಟೆಂಪೋದಲ್ಲಿ ಕೂತಿದ್ದಳು.

ಊರ ಬಾಯಿಗೆ ಬೀಗ ಹಾಕುವವರು ಯಾರು? ತಾಯಿಯ ಮೂತಿ ಒಡೆದವಳು ಎಂದು ನಾವು ಮನೆ ಸೇರುವಷ್ಟರಲ್ಲಿ ಹೊಸಕೆರೆಹಳ್ಳಿಯೆಲ್ಲ ಹಬ್ಬಿತ್ತು. ಅಕ್ಕ ಭಾವನ ಮುಂದೆ ಸೆರಗೊಡ್ಡಿದಳು. ಬರುವ ವರ್ಷ ಮತ್ತೆ ಪರೀಕ್ಷೆ ಇರುತ್ತದೆ, ಒಂದು ವರ್ಷ ತಡೆಯಿರಿ, ತಪ್ಪು ನನ್ನದು ಎಂದಳು.

"ಮಾತು ಮಾತೇ" ಎಂದರು ಭಾವ. ಆದರೂ ಅವರ ದನಿ ಗಟ್ಟಿಯಿರಲಿಲ್ಲ. ಇನ್ನೊಂದು ಸಲ ಕೇಳಿದ್ದರೆ ಒಪ್ಪುತ್ತಿದ್ದರೋ ಏನೋ. ಬೇಡ ಎಂದವಳು ದಿವ್ಯಳೇ. ಬಾಗಿಲಲ್ಲಿ ನಿಂತಿದ್ದವಳು ಒಳಗೆ ಬಂದು ಅಕ್ಕನ ಎದುರು ನಿಂತಳು.

"ಯಾಕಮ್ಮ ಹಾಗೆ ಮಾಡಿದೆ?"

"ನಿಂಗೇ ಸಿಗ್ಲಿ ಅಂತ ಕಣವ್ವ."

"ನಂಗೆ ಸಿಗಲ್ಲ ಅಂತ ನಿಂಗೆ ಅನ್ನಿಸ್ತಾ? ಇಷ್ಟು ವರ್ಷ ನನ್ನ ಎದುರಿಗೆ ನಿಂತಿದ್ದವಳು ನೀನೇ. ನಿಂಗೇ ನನ್ನ ಮೇಲೆ ನಂಬಿಕೆ ಇರ್ಲಿಲ್ಲ ಅಂದ್ಮೇಲೆ ಇನ್ಯಾರ ಮುಂದೆ ನಿಂತ್ಕೊಳ್ಳಲಿ?"

ಅಕ್ಕ ಸೆರಗಿನ ತುದಿಯಿಂದ ಬಾಯಿ ಒತ್ತಿಕೊಂಡಳು. ಹರಿದ ತುಟಿ ಊದಿಕೊಂಡಿತ್ತು. ದಿವ್ಯ ತನ್ನ ಕಂದು ಬೆಲ್ಟನ್ನು ಬಿಚ್ಚಿ ಬಟ್ಟೆಯ ಜೊತೆ ಅಟ್ಟಕ್ಕೆ ಹಾಕಿದಳು. ಆಮೇಲೆ ತಾರಸಿ ಹತ್ತಿದ್ದನ್ನು ನಾನು ಕಾಣೆ. ಮಾಘದಲ್ಲಿ ಮದುವೆ ಆಯಿತು.

ತಲಘಟ್ಟಪುರದ ಅಳಿಯ ಕೆಟ್ಟವನೇನಲ್ಲ. ಸುಳ್ಳು ಯಾಕೆ ಹೇಳಲಿ, ಅವಳನ್ನು ಚೆನ್ನಾಗಿಯೇ ನೋಡಿಕೊಂಡಿದ್ದಾನೆ. ಅಂಗಡಿಯ ವ್ಯವಹಾರವನ್ನೆಲ್ಲ ಅವಳೇ ನೋಡುತ್ತಾಳೆ. ಹಬ್ಬಕ್ಕೆ ಬರುತ್ತಾಳೆ, ಉಣ್ಣುತ್ತಾಳೆ, ನಗುತ್ತಾಳೆ. ಕರಾಟೆಯ ಮಾತು ಬಂದರೆ ಎದ್ದು ನೀರು ಕುಡಿಯಲು ಹೋಗುತ್ತಾಳೆ. ಅಕ್ಕ ಆ ಗ್ರೇಡಿಂಗಿನ ಮಾರನೆಯ ದಿನದಿಂದಲೇ ಕ್ಲಾಸು ಬಿಟ್ಟಳು. ನಂದಕುಮಾರ್ ಮಾಸ್ಟರ್ ಎಷ್ಟೋ ಸಲ ಬಂದು ಕರೆದರು. ಹೆಂಗಸರ ಬ್ಯಾಚು ಮಾಡೋಣ, ನೀವೇ ಹೇಳಿಕೊಡಿ ಎಂದರು. ಕಾಫಿ ಕೊಟ್ಟು ಕಳಿಸಿದಳು. ಮುದ್ದೆ ತೊಳಸುವಾಗ ಪದ ಹೇಳುವುದೂ ನಿಂತಿತು. ಅಂಗಳವನ್ನು ಮತ್ತೆ ಎರಡೆರಡು ಸಲ ಗುಡಿಸತೊಡಗಿದಳು. ಮಂಡಿ ನೋವು ಬಂತು, ಬೊಜ್ಜು ಬಂತು. ತುಟಿಯ ಮೇಲಿನ ಗೆರೆ ಹಾಗೇ ಉಳಿಯಿತು. ಆಯುಧಪೂಜೆಗೆ ಮಾತ್ರ ಬೆಲ್ಟನ್ನು ಬೀರುವಿನಿಂದ ತೆಗೆದು ಕುಡುಗೋಲಿನ ಪಕ್ಕ ಇಡುತ್ತಿದ್ದಳು, ಮಾರನೆಯ ದಿನ ಒಳಗಿಡುತ್ತಿದ್ದಳು.

ಎರಡು ಸಾವಿರದ ಒಂಬತ್ತರ ಗೌರಿಹಬ್ಬ. ದಿವ್ಯ ತವರಿಗೆ ಬಂದಿದ್ದಳು. ಬಾಗಿನದ ಮೊರ ತುಂಬುವುದು ಪ್ರತಿ ವರ್ಷ ನಾನೂ ಅಕ್ಕನೂ ಸೇರಿಯೇ. ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ಕನ್ನಡಿ ಎಲ್ಲ ಇಟ್ಟಾಯಿತು. ರವಿಕೆ ಕಣದ ಅಡಿಯಲ್ಲಿ ಅಕ್ಕ ಇನ್ನೇನನ್ನೋ ತೂರಿಸಿದಳು. ನೋಡಿದರೆ ಆ ಬೆಲ್ಟು.

"ಅಕ್ಕ, ಬ್ಯಾಡ. ಹಬ್ಬದ ದಿನ ಹಳೇ ಗಾಯ ಕೆರೀಬ್ಯಾಡ" ಎಂದೆ.

"ಮೊರಕ್ಕೆ ಇಟ್ಟಿದ್ದನ್ನ ತೆಗೀಬಾರ್ದು" ಎಂದು ಮೇಲಿನ ಮೊರ ಮುಚ್ಚಿಬಿಟ್ಟಳು. ತವರಿನ ಬಾಗಿನವನ್ನು ಹೆಣ್ಣುಮಗಳು ಬೇಡ ಎನ್ನುವ ಹಾಗಿಲ್ಲ, ತಿರುಗಿಸುವ ಹಾಗೂ ಇಲ್ಲ. ಅದನ್ನು ನೆಚ್ಚಿಕೊಂಡೇ ಅಕ್ಕ ಈ ಕೆಲಸ ಮಾಡಿದ್ದಳು.

ದಿವ್ಯ ಸೆರಗು ಮುಚ್ಚಿ ಬಾಗಿನ ತೆಗೆದುಕೊಂಡಳು, ತಾಯಿಯ ಕಾಲಿಗೆ ನಮಸ್ಕಾರ ಮಾಡಿದಳು. ಏಳುವಾಗ ಮೊರದ ಸಂದಿಯಿಂದ ಇಣುಕುತ್ತಿದ್ದ ಕಪ್ಪು ತುದಿ ಅವಳ ಕಣ್ಣಿಗೆ ಬಿತ್ತು. ಎಳೆದು ನೋಡಿದಳು.

"ಇದೇನಮ್ಮ?"

"ನಿಂದೇ ಕಣವ್ವ. ನನ್ನ ಹತ್ರ ತಪ್ಪಿ ಬಂದ್ಬಿಡ್ತು."

"ನಂದಲ್ಲ ಅಮ್ಮ. ನಂದಾಗಿದ್ದಿದ್ರೆ ನಾನೇ ತಗೋತಿದ್ದೆ." ಅವಳ ಮುಖ ಕೆಂಪೇರಿತ್ತು. "ಬಾಗಿನ ವಾಪಸ್ ಕೊಡೋ ಹಾಗಿಲ್ಲ ಅಂತ ಗೊತ್ತಿದ್ದೇ ಇಟ್ಟಿದ್ದೀಯ. ಅವತ್ತೂ ಹೀಗೇ ಮಾಡಿದೆ. ನನ್ನ ಒಂದು ಮಾತು ಕೇಳದೇ ಕೊಟ್ಟುಬಿಟ್ಟೆ."

ಅಕ್ಕ ಅಳತೊಡಗಿದಳು. ಅಷ್ಟು ವರ್ಷಗಳಲ್ಲಿ ಅವಳು ಮಗಳ ಎದುರು ಅತ್ತಿದ್ದು ಅದೇ ಮೊದಲು. "ತಪ್ಪಾಯ್ತು ಕಣವ್ವ. ನಿನ್ನ ಬದುಕನ್ನ ನನ್ನ ಕೈಯಾರೆ ಕೆಡಿಸ್ಬಿಟ್ಟೆ" ಎಂದಳು.

ದಿವ್ಯ ಮೊರವನ್ನು ಮೆಲ್ಲಗೆ ಕೆಳಗಿಟ್ಟಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ಅಳಬೇಡ. ನಿಂತ್ಕೊ" ಎಂದಳು. ನನಗೆ ಗಾಬರಿಯಾಯಿತು. ಎರಡೂ ಕೈಗಳನ್ನು ಪಕ್ಕಕ್ಕೆ ಇಳಿಸಿ ಬಗ್ಗಿ ವಂದಿಸಿದಳು. ಅಕ್ಕನೂ ತನಗೇ ಗೊತ್ತಿಲ್ಲದ ಹಾಗೆ ಬಗ್ಗಿದಳು. ಆಮೇಲೆ ದಿವ್ಯಳ ಮುಷ್ಟಿ ಬಂತು, ಹಿಂದೆ ತಾರಸಿಯ ಮೇಲೆ ಬರುತ್ತಿದ್ದ ಹಾಗೆಯೇ, ಗಾಳಿ ಸೀಳಿಕೊಂಡು. ನಾನು ಅಯ್ಯೋ ಎಂದೆ.

ಅಕ್ಕನ ಕೈ ಅಡ್ಡ ಬಂತು. ಕಾಲು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಮಂಡಿ ನೋವಿನ ಕಾಲು, ಮೆಟ್ಟಿಲಿಳಿಯಲು ಗೋಡೆ ಹಿಡಿಯುವ ಕಾಲು, ಅದರಷ್ಟಕ್ಕೆ ಅದೇ ಹೋಯಿತು. ದಿವ್ಯಳ ಮುಷ್ಟಿ ತುಟಿಯ ಮೇಲಿನ ಆ ಗೆರೆಯಿಂದ ಒಂದು ಬೆರಳು ದೂರದಲ್ಲಿ ನಿಂತಿತು. ಒಂದಿಷ್ಟೂ ನಡುಗಲಿಲ್ಲ.

"ನೋಡಿದ್ಯಾ ಅಮ್ಮ?" ಎಂದಳು ದಿವ್ಯ. ಅವಳ ಕಣ್ಣಲ್ಲೂ ನೀರು ಸುರಿಯುತ್ತಿತ್ತು. "ಅವತ್ತು ಇಷ್ಟೇ ಬೇಕಾಗಿದ್ದಿದ್ದು ನಂಗೆ."

ಕೈ ಇಳಿಸಿ, ನೆರಿಗೆ ಸರಿಮಾಡಿಕೊಂಡು, ಬೆಲ್ಟನ್ನು ಬಳೆಗಳ ಪಕ್ಕ ಮಡಚಿಟ್ಟು ಮೊರ ಮುಚ್ಚಿದಳು. ಬಾಗಿನವಲ್ಲವೇ, ಬಿಟ್ಟು ಹೋಗುವ ಹಾಗಿರಲಿಲ್ಲ. ತಲಘಟ್ಟಪುರದ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ನಾನು ಗೇಟಿನತನಕ ಹೋಗಿ ಬಿಟ್ಟು ಬಂದೆ. ಬಂದು ನೋಡಿದರೆ ಅಕ್ಕ ಇನ್ನೂ ಅಲ್ಲೇ, ಆ ಒಂದು ಹೆಜ್ಜೆ ಹಿಂದೆ, ಕೈಯನ್ನು ಮುಖದ ಮುಂದೆ ಅಡ್ಡ ಹಿಡಿದುಕೊಂಡೇ ನಿಂತಿದ್ದಳು.